ಐದಕ್ಕಿಂತ ಕಡಿಮೆ

ಮಾರ್ಚ್ ೩, ಸೋಮವಾರ

ಇಂದಿನಿಂದ ದಿನಚರಿ ಬರೆಯಬೇಕೆಂದು ತೀರ್ಮಾನಿಸಲಾಗಿದೆ. ತೀರ್ಮಾನ ಸರ್ವಾನುಮತದ್ದು, ಸಭೆಯಲ್ಲಿ ಹಾಜರಿದ್ದವನು ನಾನೊಬ್ಬನೇ. ತಂಗಿಯ ಕಾಯಿಲೆಗೆ ಕಡೆಗೂ ಒಂದು ಹೆಸರು ಸಿಕ್ಕಿದೆ. ಮನೆಯಲ್ಲಿ ಎಲ್ಲರೂ ಒಟ್ಟಿಗೇ ಮಾತಾಡುತ್ತಿದ್ದಾರೆ. ಒಬ್ಬರಾದರೂ ತಲೆ ನೆಟ್ಟಗಿಟ್ಟುಕೊಂಡು ನಡೆದದ್ದನ್ನು ದಾಖಲಿಸಬೇಡವೇ?

ನಡೆದದ್ದು ಇಷ್ಟು. ಒಂದೂವರೆ ವರ್ಷದಿಂದ ಅವಳಿಗೆ ಸುಸ್ತು, ಆಗಾಗ ಕಣ್ಣು ಹಳದಿ, ಸಂಜೆಯಾದರೆ ಕಾಲು ಊತ. ನಮ್ಮ ಬೀದಿಯ ಡಾಕ್ಟರು ಮೊದಲು ಕಾಮಾಲೆ ಎಂದರು, ಆಮೇಲೆ ರಕ್ತ ಕಡಿಮೆ ಎಂದರು, ಕೊನೆಗೆ ‘ತುಂಬಾ ಯೋಚನೆ ಮಾಡ್ತಾಳೆ’ ಎಂದರು. ಇವತ್ತು ದೊಡ್ಡಾಸ್ಪತ್ರೆಯ ಲಿವರ್ ಡಾಕ್ಟರಮ್ಮ ಫೈಲು ಮುಚ್ಚಿ, ವಿಲ್ಸನ್ ಕಾಯಿಲೆ ಎಂದರು. ಅದು ಕಾಯಿಲೆ ಕೊಟ್ಟವನ ಹೆಸರಲ್ಲ, ಗುರುತಿಸಿದವನ ಹೆಸರು ಎಂದು ಅಮ್ಮನಿಗೆ ಮೂರು ಸಲ ಹೇಳಬೇಕಾಯಿತು. ಅಷ್ಟರಲ್ಲಿ ಅಮ್ಮ ಅವನಿಗೆ ಶಾಪ ಹಾಕಿಯಾಗಿತ್ತು.

ಊಟದಲ್ಲಿ ಬಂದ ಚೂರುಪಾರು ತಾಮ್ರವನ್ನು ಎಲ್ಲರ ಯಕೃತ್ತೂ ಹೊರಗೆ ಹಾಕುತ್ತದೆ. ತಂಗಿಯ ಯಕೃತ್ತು ಜಿಪುಣ, ಕೂಡಿಡುತ್ತದೆ. ಅಲ್ಲಿ ಜಾಗ ಸಾಲದಾದರೆ ಮಿದುಳು, ಕಣ್ಣು ಎಂದು ಕಂಡಕಂಡಲ್ಲಿ ಗೋದಾಮು ತೆರೆಯುತ್ತದೆ. ಸಮಯಕ್ಕೆ ಸಿಕ್ಕರೆ ಮಾತ್ರೆಯಲ್ಲಿ ಹಿಡಿತಕ್ಕೆ ತರಬಹುದಂತೆ. ಅವಳದು ಸಮಯಕ್ಕೆ ಸಿಕ್ಕಿತೇ ಎಂದು ಕೇಳಿದರೆ, "ಇನ್ನೂ ಮುಂಚೆ ಸಿಕ್ಕಿದ್ರೆ ಚೆನ್ನಾಗಿತ್ತು" ಎಂದರು.

"ಇದು ತಂದೆ ತಾಯಿ ಇಬ್ರಿಂದ್ಲೂ ಬರ್ಬೇಕು. ಅವರಿಗೆ ಏನೂ ಆಗಿರಲ್ಲ, ಮಕ್ಕಳಿಗೆ ಆಗುತ್ತೆ. ಇವರ ಒಡಹುಟ್ಟಿದೋರು ಎಷ್ಟು ಜನ?"

"ಅಕ್ಕ ಒಬ್ಳು, ನಾನೊಬ್ಬ."

"ಇಬ್ಬರಿಗೂ ನಾಲ್ಕರಲ್ಲಿ ಒಂದು ಸಾಧ್ಯತೆ. ಈ ವಾರವೇ ಪರೀಕ್ಷೆ ಮಾಡಿಸ್ಕೊಳ್ಳಿ. ಇದು ಮೈಯೊಳಗೆ ಸದ್ದಿಲ್ಲದೆ ಕೆಲಸ ಮಾಡೋ ಕಾಯಿಲೆ. ತಡವಾದ್ರೆ ಪ್ರಾಣಕ್ಕೇ ಬರುತ್ತೆ."

ಆಗ ನಾನು ಅತ್ಯಂತ ಪ್ರಸ್ತುತವಾದ ಪ್ರಶ್ನೆಯನ್ನು ಕೇಳಿದೆ. "ದೇಶದಲ್ಲಿ ಒಟ್ಟು ಎಷ್ಟು ಜನಕ್ಕಿದೆ ಡಾಕ್ಟ್ರೇ?"

"ಹೊರಗಿನ ಲೆಕ್ಕ ನೋಡಿದ್ರೆ ಸುಮಾರು ಮೂವತ್ತು ಸಾವಿರಕ್ಕೆ ಒಬ್ರು. ನಮ್ಮಲ್ಲಿ ಎಷ್ಟೋ! ಅಂಕಿಅಂಶದ ಇಲಾಖೆಯೋರು ನೀವು, ನೀವೇ ಹೇಳ್ಬೇಕು" ಎಂದು ನಕ್ಕರು.

ನಾನು ನಗಲಿಲ್ಲ. ಇದು ಇಲಾಖೆಯ ಮಾನದ ಪ್ರಶ್ನೆ.

ಮನೆಗೆ ಬಂದಮೇಲೆ ತಂಗಿ, "ಅಮ್ಮ, ಗುಜರಿಯವನು ಬಂದ್ರೆ ನನ್ನ ತೋರಿಸ್ಬೇಡ, ತಾಮ್ರ ಅಂತ ಎತ್ಕೊಂಡು ಹೋಗ್ತಾನೆ" ಎಂದಳು. ಅಮ್ಮ ಸೌಟು ಹಿಡಿದುಕೊಂಡೇ ಅತ್ತಳು.

ಈ ಪೆನ್ನು ಸರಿಯಿಲ್ಲ. ಅಕ್ಷರ ಸಾಲಿನ ಕೊನೆಗೆ ಹೋದಂತೆ ಸಣ್ಣದಾಗುತ್ತಿದೆ. ಬೇರೆ ಕೊಳ್ಳಬೇಕು.

ಮಾರ್ಚ್ ೫, ಬುಧವಾರ

ಅಕ್ಕ ತನ್ನೂರಿನಲ್ಲಿ ನಿನ್ನೆಯೇ ರಕ್ತ ಕೊಟ್ಟು ಬಂದಳಂತೆ. ಅವಳು ಮೊದಲಿನಿಂದಲೂ ಆತುರದವಳು.

ನನ್ನ ಉದ್ಯೋಗದ ಬಗ್ಗೆ ಇಲ್ಲಿ ಎರಡು ಮಾತು ಬರೆದಿಡುವುದು ಲೇಸು. ಮರೆವಿನ ವಯಸ್ಸಿನಲ್ಲಿ ಓದಿಕೊಂಡು ಹೆಮ್ಮೆಪಡಬಹುದು. ಪ್ರತಿವರ್ಷ ನಮ್ಮ ಕಚೇರಿ ಈ ಪುಟ್ಟ ದೇಶದ ಕಾಯಿಲೆಗಳ ವಾರ್ಷಿಕ ಪುಸ್ತಕವೊಂದನ್ನು ಹೊರಡಿಸುತ್ತದೆ. ಒಂದೊಂದು ಕಾಯಿಲೆಗೂ ಒಂದೊಂದು ಪಟ್ಟಿ, ಪಟ್ಟಿಗೆ ಅರವತ್ಮೂರು ಜಿಲ್ಲೆ. ಯಾವ ಜಿಲ್ಲೆಯಲ್ಲಾದರೂ ರೋಗಿಗಳು ಐದಕ್ಕಿಂತ ಕಡಿಮೆ ಇದ್ದರೆ ಆ ಸಂಖ್ಯೆಯನ್ನು ಅಚ್ಚು ಹಾಕುವಂತಿಲ್ಲ. ಇಬ್ಬರೇ ಇದ್ದಾರೆಂದು ಹಾಕಿದರೆ ಜನ ಸುಮ್ಮನಿರುತ್ತಾರೆಯೇ? ‘ಓ, ಇದು ಮೂಲೆಮನೆಯವರ ಮಗಳದ್ದೇ’ ಎಂದು ಸಂಜೆಯೊಳಗೆ ಪತ್ತೆಹಚ್ಚುತ್ತಾರೆ. ಆದ್ದರಿಂದ ಅಂಥ ಕಡೆ ಸಂಖ್ಯೆಯನ್ನು ತೆಗೆದು ಒಂದು ಚುಕ್ಕಿ ಇಡಬೇಕು. ಆ ಚುಕ್ಕಿ ಇಡುವ ಅಧಿಕಾರಿ ನಾನು. ಹನ್ನೊಂದು ವರ್ಷದಲ್ಲಿ ಎಷ್ಟು ಚುಕ್ಕಿ ಇಟ್ಟಿದ್ದೇನೆಂದರೆ ಆಕಾಶಕ್ಕೂ ಕೊಂಚ ಮುಜುಗರವಾಗಬೇಕು. ಕಚೇರಿಯಲ್ಲಿ ನನ್ನನ್ನು ‘ಚುಕ್ಕಿ ಸಾಹೇಬ್ರು’ ಎನ್ನುತ್ತಾರೆ. ಗೌರವದಿಂದಲೇ ಎಂದು ಭಾವಿಸಿದ್ದೇನೆ.

ಪರೀಕ್ಷೆಗೆ ಶುಕ್ರವಾರ ಹೋಗುವುದೆಂದಿತ್ತು. ಆದರೆ ಒಂದು ತತ್ವದ ವಿಷಯ ಅಡ್ಡ ಬಂದಿದೆ. ದೇಶದಲ್ಲಿ ಎಷ್ಟು ಜನರಿಗಿದೆ ಎಂದು ತಿಳಿಯದೆ ನನಗಿದೆಯೇ ಎಂದು ನೋಡುವುದು ಕ್ರಮವಲ್ಲ. ಮೊದಲು ರಾಷ್ಟ್ರ, ಆಮೇಲೆ ವ್ಯಕ್ತಿ.

ಮಾರ್ಚ್ ೧೦, ಸೋಮವಾರ

ಜಯವಾಯಿತು! ಪುಸ್ತಕ ತೆಗೆದು ನೋಡಿದೆ. ವಿಲ್ಸನ್ ಕಾಯಿಲೆ, ಪುಟ ಇನ್ನೂರ ಹನ್ನೆರಡು, ದೇಶದ ಒಟ್ಟು ಮೊತ್ತ: ನಲವತ್ತೊಂದು. ದೇಶದ ಜನಸಂಖ್ಯೆ ಒಂದು ಕೋಟಿ ಎಂಬತ್ತು ಲಕ್ಷ. ಭಾಗಿಸಿದರೆ ನಾಲ್ಕು ಲಕ್ಷದ ಮೂವತ್ತೊಂಬತ್ತು ಸಾವಿರಕ್ಕೆ ಒಬ್ಬರು. ಊಟದ ಹೊತ್ತಿಗೆ ಕಾಗದದ ಮೇಲೆ ಬರೆದು ಅಮ್ಮನ ಮುಂದಿಟ್ಟೆ.

"ನೋಡಮ್ಮ, ನಾಲ್ಕೂವರೆ ಲಕ್ಷಕ್ಕೆ ಒಬ್ಬ. ನನ್ನ ಮೇಲೆ ಬೀಳ್ಬೇಕಾದ್ರೆ ಅದು ಎಷ್ಟು ದೂರದಿಂದ ಗುರಿ ಇಡ್ಬೇಕು!"

"ಅಣ್ಣ, ಅದು ನಮ್ಮ ಮನೆ ವಿಳಾಸ ಹುಡುಕ್ಕೊಂಡು ಈಗಾಗ್ಲೇ ಬಂದು ಕೂತಿದೆ" ಎಂದಳು ತಂಗಿ. "ದೇಶದ ಲೆಕ್ಕ ದಾರೀಲಿ ಹೋಗೋರಿಗೆ. ನಿನ್ಗೆ ನಾಲ್ಕರಲ್ಲಿ ಒಂದೇ."

"ನೀನು ಅಂಕಿಅಂಶ ಓದಿದ್ದೀಯಾ?"

"ಇಲ್ಲ. ಹೊಲಿಗೆ ಕಲ್ತಿದ್ದೀನಿ. ಒಂದೇ ಥಾನಿನ ಬಟ್ಟೆ ಅಂದ್ರೇನು ಅಂತ ಗೊತ್ತು."

ಹೊಲಿಗೆಯವರ ಜೊತೆ ವಾದಕ್ಕಿಳಿಯಬಾರದು. ಅವರ ಬಾಯಲ್ಲಿ ಯಾವಾಗಲೂ ಗುಂಡುಪಿನ್ನು ಇರುತ್ತದೆ.

ಹೊಸ ಪೆನ್ನು ಕೊಂಡೆ. ಇದೂ ಅದೇ ಜಾತಿ.

ಮಾರ್ಚ್ ೧೪, ಶುಕ್ರವಾರ

ಕೂತರೆ ಏಳಬೇಕೆನಿಸುತ್ತದೆ, ಎದ್ದರೆ ಎಲ್ಲಿಗೆ ಎಂದು ತಿಳಿಯುವುದಿಲ್ಲ. ಕಚೇರಿಯ ಕುರ್ಚಿಯ ದೋಷ. ಬದಲಿಸಲು ಅರ್ಜಿ ಕೊಟ್ಟೆ. ಅರ್ಜಿಯಲ್ಲಿನ ಅಕ್ಷರ ತಿಳಿಯುವುದಿಲ್ಲ, ಟೈಪು ಮಾಡಿಸಿ ಕೊಡಿ ಎಂದು ವಾಪಸ್ಸು ಬಂತು.

ಮಧ್ಯಾಹ್ನ ಚಹಾದ ಲೋಟ ಕೈಜಾರಿ ಮೂರು ಜಿಲ್ಲೆಗಳ ಕ್ಷಯರೋಗ ಪೂರ್ತಿ ಒದ್ದೆಯಾಯಿತು. ಲೋಟದ ಹಿಡಿ ಬಲು ಸಣ್ಣದು, ಯಾರ ಕೈಗೂ ಕೂರುವಂಥದ್ದಲ್ಲ. ಒಂದೇ ವಾರದಲ್ಲಿ ಇದು ಎರಡನೆಯದು. ಲೋಟಗಳ ಗುಣಮಟ್ಟ ಎಲ್ಲಿಗೆ ಬಂತು ನೋಡಿ. ಪಕ್ಕದ ಮೇಜಿನ ಗುಮಾಸ್ತ, "ಸಾಹೇಬ್ರೇ, ನಿಮ್ಮ ಕಾಲು ಕುಣಿಯೋದಕ್ಕೆ ನನ್ನ ಮೇಜೂ ಕುಣೀತಿದೆ" ಎಂದ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಅವನ ಕೆಲಸ ಸಾಗದಿದ್ದರೆ ನನ್ನ ಕಾಲೇನು ಮಾಡೀತು ಎಂದು ರೇಗಿದೆ. ಅಷ್ಟು ಜೋರಾಗಿ ರೇಗಬೇಕಿರಲಿಲ್ಲವೇನೋ. ಎಲ್ಲರೂ ತಿರುಗಿ ನೋಡಿದರು. ಸ್ವಭಾವತಃ ನಾನು ಸಾಧುಪ್ರಾಣಿ ಎಂಬುದನ್ನು ಇಲ್ಲಿ ದಾಖಲಿಸುತ್ತೇನೆ.

ಮಾರ್ಚ್ ೧೮, ಮಂಗಳವಾರ

ಅಕ್ಕನ ವರದಿ ಬಂತು. ಏನೂ ಇಲ್ಲ. ಅಮ್ಮ ಫೋನಿನಲ್ಲಿ ಅತ್ತಳು. ಅಕ್ಕ ಆ ಕಡೆಯಿಂದ ಅತ್ತಳು. ಆಮೇಲೆ ಇಬ್ಬರೂ ಅಳು ನಿಲ್ಲಿಸಿ ನನ್ನ ಕಡೆ ತಿರುಗಿದರು. ಅಕ್ಕ ಫೋನಿನಲ್ಲಿದ್ದೂ ಹೇಗೆ ತಿರುಗಿದಳೋ, ಆದರೆ ತಿರುಗಿದಳು.

"ಏನೋ, ಯಾವಾಗ ಹೋಗ್ತೀಯ?"

"ಪುಸ್ತಕದ ಕೆಲಸ ಅಕ್ಕ. ಈ ವಾರ ಅಚ್ಚಿಗೆ ಹೋಗ್ಬೇಕು."

"ನೀನು ಹೋಗೋದು ಯಾವಾಗ ಅಂದೆ, ಪುಸ್ತಕ ಅಲ್ಲ."

ಕಚೇರಿಯಲ್ಲಿ ಸುಮ್ಮನೆ ಇನ್ನೂರ ಹನ್ನೆರಡನೆಯ ಪುಟವನ್ನು ಮತ್ತೆ ನೋಡುತ್ತಿದ್ದೆ. ಮನಸ್ಸಿಗೆ ಸಮಾಧಾನವಾಗುವ ಪುಟ ಅದು. ಹಾಗೆ ನೋಡುತ್ತಿರುವಾಗ ಒಂದು ಸಂಗತಿ ಕಣ್ಣಿಗೆ ಬಿತ್ತು. ಅರವತ್ಮೂರು ಜಿಲ್ಲೆಗಳಲ್ಲಿ ಸಂಖ್ಯೆ ಇರುವುದು ಎರಡಕ್ಕೆ ಮಾತ್ರ: ಇಪ್ಪತ್ಮೂರು, ಹದಿನೆಂಟು. ಹನ್ನೆರಡು ಜಿಲ್ಲೆಗಳಲ್ಲಿ ಸೊನ್ನೆ. ಉಳಿದ ನಲವತ್ತೊಂಬತ್ತರಲ್ಲಿ ಚುಕ್ಕಿ. ಇಪ್ಪತ್ಮೂರೂ ಹದಿನೆಂಟೂ ಕೂಡಿದರೆ ನಲವತ್ತೊಂದು.

ಮತ್ತೆ ಕೂಡಿದೆ. ನಲವತ್ತೊಂದೇ.

ಕೆಳಗಿನ ಮಹಡಿಗೆ ಇಳಿದೆ. ಅಲ್ಲಿ ಮೊತ್ತದ ವಿಭಾಗ. ಅದರ ಮುಖ್ಯಸ್ಥೆಯನ್ನು ನಾವು ಮೊತ್ತದ ಮೇಡಂ ಎನ್ನುತ್ತೇವೆ.

"ಮೇಡಂ, ಚುಕ್ಕಿ ಇರೋ ಕಡೆ ಕೂಡುವಾಗ ಏನಂತ ತಗೋತೀರಿ?"

"ಚುಕ್ಕಿ ಏನು ಸಂಖ್ಯೇನಾ ಸಾಹೇಬ್ರೇ? ಕಂಪ್ಯೂಟರ್ ಅದನ್ನ ದಾಟ್ಕೊಂಡು ಹೋಗುತ್ತೆ."

"ಅಂದ್ರೆ ಸೊನ್ನೆ."

"ಅಂದ್ರೆ ಸೊನ್ನೆ. ನಿಮ್ಮ ಫೈಲು ಚುಕ್ಕಿ ಸಮೇತ ಬರುತ್ತೆ. ಅದರೊಳಗೆ ಏನಿತ್ತು ಅಂತ ನಾವು ಕಣಿ ಕೇಳೋಕಾಗುತ್ತಾ?"

ಲಕ್ಷಾಂತರ ಜನರಿಗಿರುವ ಕಾಯಿಲೆಯಲ್ಲಿ ನಾಲ್ಕು ಜನ ಬಿಟ್ಟುಹೋದರೆ ಯಾರಿಗೂ ತಿಳಿಯುವುದಿಲ್ಲ. ಊರಿಗೆ ಇಬ್ಬರು ಮೂವರಂತೆ ಚೆದುರಿಹೋದ ಕಾಯಿಲೆಯಲ್ಲಿ, ಕಾಯಿಲೆಗೆ ಕಾಯಿಲೆಯೇ ಬಿಟ್ಟುಹೋಗುತ್ತದೆ.

ಮಾರ್ಚ್ ೧೯, ಬುಧವಾರ

ಮೊದಲು ಮೊತ್ತ, ಆಮೇಲೆ ಚುಕ್ಕಿ. ಹಿಂದೆ ಇದ್ದ ಕ್ರಮ ಅದು. ಅದನ್ನು ಬದಲಿಸಿ ‘ಮೊದಲು ಚುಕ್ಕಿ, ಆಮೇಲೆ ಮೊತ್ತ’ ಎಂದು ಮಾಡಿದ ಬುದ್ಧಿವಂತ ಯಾರು ಎಂದು ಹಳೆಯ ಕಡತ ತೆಗೆಸಿದೆ. ಕೈಗೆ ಸಿಕ್ಕರೆ ಚರ್ಮ ಸುಲಿಯಬೇಕೆಂದಿದ್ದೆ.

ಕೈಗೆ ಸಿಕ್ಕಿದ. ಒಂಬತ್ತು ವರ್ಷಗಳ ಹಿಂದೆ, ಎರಡು ದಿನದ ಕೆಲಸ ಉಳಿಯುತ್ತದೆಂದು ಸಲಹೆ ಕೊಟ್ಟವನು ನಾನೇ. ನಿರ್ದೇಶಕರು ಪ್ರಶಂಸಾಪತ್ರ ಕೊಟ್ಟಿದ್ದರು. ಅಮ್ಮ ಅದಕ್ಕೆ ಕಟ್ಟು ಹಾಕಿಸಿ ಗೋಡೆಗೆ ತೂಗಿಹಾಕಿದ್ದಾಳೆ. ಸಂಜೆ ಅದರ ಕೆಳಗೇ ಕೂತು ಊಟ ಮಾಡಿದೆ. ರುಚಿಸಲಿಲ್ಲ.

ಮಾರ್ಚ್ ೨೬, ಬುಧವಾರ

ಒಂದು ವಾರದಿಂದ ಒಂದೇ ಮಾತು. ಹಳೆಯ ಮೂಲ ಫೈಲು ತೆಗೆದು ಚುಕ್ಕಿಗಳ ಒಳಗಿನದನ್ನು ಕೂಡಬೇಕು ಎಂದು ನಾನು. ನಿರ್ದೇಶಕರ ಒಪ್ಪಿಗೆ ಬೇಕು ಎಂದು ಮೊತ್ತದ ಮೇಡಂ. ಮೊತ್ತದ ಮೇಡಂ ಬರೆದುಕೊಡಲಿ ಎಂದು ನಿರ್ದೇಶಕರು. ಇವತ್ತು ಮೇಡಂ ಮೇಜಿನ ಮೇಲೆ ಕೈ ಬಡಿದೆ. ಕೈಯೇ ಬಡಿದುಕೊಂಡಿತು, ನಾನು ಬಡಿದದ್ದಲ್ಲ.

"ಏನಾಗಿದೆ ಸಾಹೇಬ್ರೇ ನಿಮಗೆ? ಮಾತೂ ತೊದಲ್ತಾ ಇದೆ. ಮನೆಗೆ ಹೋಗಿ ಮಲ್ಕೊಳ್ಳಿ."

ಕೋಪದಲ್ಲಿ ಯಾರ ಮಾತು ತೊದಲುವುದಿಲ್ಲ?

ಮೂರನೆಯ ಪೆನ್ನು. ಅಂಗಡಿಯವನು, "ಪೆನ್ನಿಗೇನಾಗಿದೆ ಸಾರ್?" ಎಂದು ತಾನೇ ಬರೆದು ತೋರಿಸಿದ. ಮುತ್ತು ಪೋಣಿಸಿದ ಹಾಗೆ ಬರೆದ. ಅಂಗಡಿಯವರು ಅಂಗಡಿಯಲ್ಲಿ ಚೆನ್ನಾಗಿಯೇ ಬರೆಯುತ್ತಾರೆ.

ಏಪ್ರಿಲ್ ೨, ಬುಧವಾರ

ಕಡೆಗೂ ಒಪ್ಪಿಗೆ ಬಂತು. ಮೊತ್ತದ ಮೇಡಂ ತಾವೇ ಬರೆದುಕೊಟ್ಟರು. ನನ್ನ ಕಾಟ ತಡೆಯಲಾರದೆ ಎಂದು ಕಾರಣವನ್ನೂ ನಮೂದಿಸಿದ್ದಾರೆ. ಮೂಲ ಫೈಲು ತೆರೆದು ನಲವತ್ತೊಂಬತ್ತು ಚುಕ್ಕಿಗಳನ್ನೂ ಒಂದೊಂದಾಗಿ ಎತ್ತಿ ನೋಡಿದೆವು. ಎರಡು, ಒಂದು, ನಾಲ್ಕು, ಮೂರು. ನಮ್ಮ ಜಿಲ್ಲೆಯಲ್ಲಿ ಮೂರು. ಮೂವರೂ ಯಾರೋ ಏನೋ. ಇದೇ ಬಸ್ಸಿನಲ್ಲಿ ಬರುವವರಿರಬಹುದು. ತಂಗಿ ಮುಂದಿನ ವರ್ಷದ ಲೆಕ್ಕಕ್ಕೆ ಸೇರುತ್ತಾಳೆ, ನಾಲ್ಕನೆಯವಳಾಗಿ.

ಚುಕ್ಕಿಗಳೊಳಗೆ ಒಟ್ಟು ನೂರ ಹದಿನೆಂಟು ಜನ ಕೂತಿದ್ದರು. ನಲವತ್ತೊಂದಕ್ಕೆ ಕೂಡಿದರೆ ನೂರ ಐವತ್ತೊಂಬತ್ತು. ಮೇಡಂ ಕನ್ನಡಕ ತೆಗೆದು ಒರೆಸಿಕೊಂಡರು. "ಇಷ್ಟು ಜನಾನ ನಾನು ಕೂಡ್ಲೇ ಇಲ್ವಲ್ಲ ಸಾಹೇಬ್ರೇ" ಎಂದರು. ನಾನು ಕೂಡಲು ಬಿಡಲಿಲ್ಲ ಎನ್ನುವುದು ಇಬ್ಬರಿಗೂ ಗೊತ್ತಿತ್ತು.

ಆದರೆ ಇನ್ನೊಂದು ವಿಷಯ ಉಳಿಯಿತು. ಡಾಕ್ಟರಮ್ಮನ ಮೂವತ್ತು ಸಾವಿರಕ್ಕೊಬ್ಬರು ನಿಜವಾದರೆ ದೇಶದಲ್ಲಿ ಆರುನೂರು ಜನ ಇರಬೇಕು. ನಮಗೆ ಸಿಕ್ಕವರು ನೂರ ಐವತ್ತೊಂಬತ್ತು. ಉಳಿದ ನಾನೂರ ನಲವತ್ತೊಂದು ಜನ ಎಲ್ಲಿ? ಇವರನ್ನು ಚುಕ್ಕಿಯೊಳಗೂ ಕಾಣೆವು. ಇವರು ಪರೀಕ್ಷೆಯನ್ನೇ ಮಾಡಿಸಿಕೊಂಡಿಲ್ಲ. ತಮಗೇನೂ ಆಗಿಲ್ಲವೆಂದು ಭಾವಿಸಿ ಎಲ್ಲೋ ಕೂತು, ಯಾರ ಮೇಲೋ ರೇಗುತ್ತ, ಕುರ್ಚಿಯನ್ನೋ ಲೋಟವನ್ನೋ ದೂರುತ್ತ ಕಾಲ ಕಳೆಯುತ್ತಿದ್ದಾರೆ. ಎಂಥ ಹೊಣೆಗೇಡಿ ಜನ! ಇಂಥವರಿಂದಾಗಿಯೇ ದೇಶದ ಅಂಕಿಅಂಶ ಕೆಡುವುದು.

ಇದನ್ನು ಒಂದು ಟಿಪ್ಪಣಿಯಾಗಿ ನಿರ್ದೇಶಕರಿಗೆ ಕಳಿಸಬೇಕು. ಕೈ ನೋಯುತ್ತಿದೆ. ಇಷ್ಟು ಬರೆಯುವುದಕ್ಕೇ ಒಂದೂವರೆ ತಾಸು ಹಿಡಿಯಿತು.

ಏಪ್ರಿಲ್ ೩, ಗುರುವಾರ

ತಂಗಿಯ ಹಳೆಯ ವರದಿಗಳು ಬೇಕೆಂದು ಲಿವರ್ ಡಾಕ್ಟರಮ್ಮ ಕೇಳಿದ್ದರು. ತರಲು ನಮ್ಮ ಬೀದಿಯ ಡಾಕ್ಟರ ಹತ್ತಿರ ಹೋದೆ. ಒಂದೂವರೆ ವರ್ಷ ಕಳೆದವರೆಂದು ನಾಲ್ಕು ಮಾತು ಆಡಿಯೇ ಬರುವುದೆಂದು ದಾರಿಯುದ್ದಕ್ಕೂ ತಾಲೀಮು ಮಾಡಿಕೊಂಡಿದ್ದೆ. ಅವರು ಕುರ್ಚಿ ಎಳೆದು ಕೂರಿಸಿದರು, ತಾವಾಗಿಯೇ ಹೇಳಿದರು.

"ನನ್ಗೆ ಮೊದಲ ತಿಂಗಳೇ ಅನುಮಾನ ಬಂದಿತ್ತಪ್ಪ. ತಾಮ್ರದ ಪರೀಕ್ಷೆ ಬರೆಯೋಣ ಅಂತಲೂ ಇದ್ದೆ. ನಿಮ್ಮ ಇಲಾಖೆ ಪುಸ್ತಕ ಇದೆಯಲ್ಲ, ಅದನ್ನ ತೆಗೆದು ನೋಡ್ದೆ. ಇಡೀ ದೇಶಕ್ಕೆ ನಲವತ್ತು ಚಿಲ್ಲರೆ ಜನ. ಅದ್ರಲ್ಲಿ ಒಬ್ಬಳು ನನ್ನ ಬೀದೀಲಿ ಇರ್ತಾಳಾ ಅಂತ ಬಿಟ್ಟೆ. ತಪ್ಪಾಯ್ತು."

ಪುಸ್ತಕ ಅವರ ಮೇಜಿನ ಮೇಲೇ ಇತ್ತು. ಇನ್ನೂರ ಹನ್ನೆರಡನೆಯ ಪುಟಕ್ಕೆ ಒಂದು ಔಷಧಿಯ ಚೀಟಿ ಗುರುತಿಗೆಂದು ಇಟ್ಟಿದ್ದರು.

ವರದಿಗಳನ್ನು ತೆಗೆದುಕೊಂಡು ಬಂದೆ.

ಏಪ್ರಿಲ್ ೪, ಶುಕ್ರವಾರ

ಏನೂ ಬರೆಯುವುದಿಲ್ಲ.

ಏಪ್ರಿಲ್ ೫, ಶನಿವಾರ

ತಂಗಿ ಹೊಲಿಗೆ ಯಂತ್ರದ ಮುಂದೆ ಕೂತು ಯಾರದೋ ಕಾಲರಿನ ಹೊಲಿಗೆ ಬಿಚ್ಚುತ್ತಿದ್ದಳು. ನಿಂತುಕೊಂಡೇ ಹೇಳಿದೆ. ಚುಕ್ಕಿಯದು, ಮೊತ್ತದ್ದು, ಪ್ರಶಂಸಾಪತ್ರದ್ದು, ಡಾಕ್ಟರ ಪುಸ್ತಕದ್ದು, ಎಲ್ಲವನ್ನೂ. ಮೊದಲು ಅವಳು ನಕ್ಕಳು. ನಗುತ್ತ ನಗುತ್ತ ಹೊಟ್ಟೆ ಹಿಡಿದುಕೊಂಡಳು. ಆಮೇಲೆ ಬ್ಲೇಡನ್ನು ಪಕ್ಕಕ್ಕಿಟ್ಟಳು.

"ಒಂದೂವರೆ ವರ್ಷ ಅಣ್ಣ."

"ಹೂಂ."

"ಬೆಳಿಗ್ಗೆ ಏಳೋಕೆ ಆಗ್ತಿರ್ಲಿಲ್ಲ. ನಾಟಕ ಮಾಡ್ತಾಳೆ ಅಂತ ನೀನೂ ಒಂದ್ಸಲ ಅಂದಿದ್ದೆ."

ಅದು ನನಗೆ ನೆನಪಿರಲಿಲ್ಲ. ಅವಳು ಹೇಳಿದ ಮೇಲೆ ನೆನಪಾಯಿತು.

"ಏನು ಮಾಡ್ಲಿ ಹೇಳೇ. ಏನು ಬೇಕಾದ್ರೂ ಮಾಡ್ತೀನಿ."

"ಏನು ಬೇಕಾದ್ರೂ?"

"ಏನು ಬೇಕಾದ್ರೂ."

"ಹಾಗಾದ್ರೆ ನಾಳೆ ಭಾನುವಾರ. ಇಪ್ಪತ್ನಾಲ್ಕು ಗಂಟೆ ಮೂತ್ರ ತಾಮ್ರದ ಪರೀಕ್ಷೆಗೆ ಹಿಡಿದಿಡು. ಸೋಮವಾರ ಕಣ್ಣು ತೋರಿಸು, ರಕ್ತ ಕೊಡು. ಡಬ್ಬಿ ಆಗ್ಲೇ ತಂದಿಟ್ಟಿದ್ದೀನಿ, ತಿಂಗಳಾಯ್ತು."

ಕ್ಷಮೆ ಕೇಳಲು ಹೋದವನು ಡಬ್ಬಿ ಹಿಡಿದು ಹೊರಬಂದೆ. ಇದು ನ್ಯಾಯವಾದ ವ್ಯವಹಾರವಲ್ಲ ಎಂದು ಬಾಗಿಲಲ್ಲಿ ನಿಂತು ಆಕ್ಷೇಪಿಸಿದೆ.

"ಅಣ್ಣ, ನಿನ್ನ ಕೈ ನೋಡ್ಕೊಂಡಿದ್ದೀಯಾ?" ಎಂದಳು. ನಾನು ಬರೆದುಕೊಟ್ಟ ಎರಡು ಸಾಮಾನಿನ ಚೀಟಿಗಳನ್ನು ಡ್ರಾಯರಿನಿಂದ ತೆಗೆದಳು. ಒಂದು ಹೋದ ವರ್ಷದ್ದು, ಒಂದು ಹೋದ ವಾರದ್ದು. ಪಕ್ಕಪಕ್ಕದಲ್ಲಿ ಇಟ್ಟಳು. "ಇದು ಅಕ್ಷರ. ಇದು ಇರುವೆ ಸಾಲು. ಅಂಗಡಿಯೋನು ಸಾಬೂನು ಕೇಳಿದ್ರೆ ಸಾಸಿವೆ ಕೊಟ್ಟ. ಡಾಕ್ಟರಮ್ಮ ಹೇಳಿದ್ರಲ್ಲ, ಮಿದುಳಿಗೂ ಹೋಗುತ್ತೆ ಅಂತ."

ಪೆನ್ನಿನ ವಿಷಯ ಅವಳಿಗೆ ತಿಳಿಯದು. ವಿವರಿಸಲು ಹೊರಟೆ. ಮೂರು ಪೆನ್ನು ಎಂದಮೇಲೆ ವಾಕ್ಯ ಮುಂದೆ ಹೋಗಲಿಲ್ಲ.

ಏಪ್ರಿಲ್ ೬, ಭಾನುವಾರ

ಮಹಾಪುರುಷರ ಜೀವನದಲ್ಲಿ ಇಂಥ ದಿನಗಳನ್ನು ಯಾರೂ ದಾಖಲಿಸುವುದಿಲ್ಲ. ನಾನು ದಾಖಲಿಸುತ್ತೇನೆ. ಐದು ಲೀಟರಿನ ಬಿಳಿಯ ಡಬ್ಬಿ. ಬೆಳಿಗ್ಗೆ ಏಳಕ್ಕೆ ಮೊದಲನೆಯದನ್ನು ಬಿಟ್ಟು, ಅಲ್ಲಿಂದ ನಾಳೆ ಏಳರವರೆಗಿನದು ಒಂದು ಹನಿಯೂ ವ್ಯರ್ಥವಾಗಬಾರದು. ಬಚ್ಚಲಿಗೆ ಹೋದಾಗಲೆಲ್ಲ ಅಮ್ಮ ಹೊರಗಿನಿಂದ, "ಹಿಡಿದ್ಯೇನೋ?" ಎನ್ನುತ್ತಿದ್ದಳು. ಮೂವತ್ಮೂರು ವರ್ಷದ ಸರ್ಕಾರಿ ಅಧಿಕಾರಿಗೆ ತಾಯಿ ಕೇಳುವ ಪ್ರಶ್ನೆಯೇ ಇದು?

ಹತ್ತು ಗಂಟೆಗೆ ಪಕ್ಕದ ಮನೆಯವರು ಬಂದು ಮೂಲೆಯಲ್ಲಿದ್ದ ಡಬ್ಬಿಯನ್ನು ನೋಡಿ, "ಎಣ್ಣೆ ಎಲ್ಲಿಂದ ತರಿಸಿದ್ರಿ?" ಎಂದು ಕೇಳಿದರು. ತಂಗಿ, "ಮನೇಲೇ ತೆಗೆದಿದ್ದು" ಎಂದಳು.

ಎರಡು ಸಲ ಕೈ ಅಲುಗಿ ಹೊರಗೆ ಚೆಲ್ಲಿತು. ಎರಡು ಸಲವೂ ಕೈಯನ್ನೇ ನೋಡುತ್ತ ನಿಂತೆ. ಡಬ್ಬಿಯ ಬಾಯಿ ಅಗಲವಾಗಿಯೇ ಇದೆ.

ಏಪ್ರಿಲ್ ೭, ಸೋಮವಾರ

ಕಣ್ಣಿನ ಡಾಕ್ಟರು ಗದ್ದವನ್ನು ಒಂದು ಪಟ್ಟಿಯ ಮೇಲೆ ಇಡಿಸಿ, ದೀಪದ ಸೀಳು ಬೆಳಕು ಬಿಟ್ಟು ಬಹಳ ಹೊತ್ತು ನೋಡಿದರು. "ಅಲುಗಬೇಡಿ" ಎಂದರು. ಅಲುಗಿಲ್ಲ ಎಂದೆ. "ಅಲುಗ್ತಿದೀರಿ" ಎಂದರು. ಆಮೇಲೆ ಪಕ್ಕದ ಕೋಣೆಯಿಂದ ಒಬ್ಬರನ್ನು ಕರೆದರು. ಅವರು ನೋಡಿ ಇನ್ನಿಬ್ಬರನ್ನು ಕರೆದರು. ಕಲಿಯುವ ಹುಡುಗಿಯರು ಸಾಲಾಗಿ ನಿಂತರು. ಇಷ್ಟು ಹೆಂಗಸರು ನನ್ನ ಕಣ್ಣಿನಲ್ಲಿ ಕಣ್ಣಿಟ್ಟು ನೋಡಿದ್ದು ಹುಟ್ಟಿದಮೇಲೆ ಇದೇ ಮೊದಲು. ಒಬ್ಬಳು ಮೆಲ್ಲಗೆ, "ಎಷ್ಟು ಚೆನ್ನಾಗಿದೆ!" ಎಂದಳು. ದೊಡ್ಡವರು ಅವಳನ್ನು ಗದರಿಸಿದರು.

"ಏನು ಕಾಣಿಸ್ತಿದೆ ಡಾಕ್ಟ್ರೇ?"

"ಕರಿಗುಡ್ಡೆ ಸುತ್ತ ಒಂದು ಬಳೆ. ಕಂದು ಬಣ್ಣ, ಸ್ವಲ್ಪ ಹೊನ್ನಿನ ಛಾಯೆ. ಎರಡೂ ಕಣ್ಣಲ್ಲಿ."

ಹೊರಗೆ ತಂಗಿ ಕಾಯುತ್ತಿದ್ದಳು. ಅವಳಿಗೆ ಹೇಳಬೇಕಾಗಲಿಲ್ಲ. ಬಸ್ಸಿನಲ್ಲಿ ಇಡೀ ದಾರಿ ನನ್ನ ಕೈ ಹಿಡಿದುಕೊಂಡಿದ್ದಳು. ಅಲುಗದಿರಲಿ ಎಂದಿರಬೇಕು.

ಏಪ್ರಿಲ್ ೧೧, ಶುಕ್ರವಾರ

ವರದಿಗಳು ಬಂದವು. ಇದೆ.

ಯಕೃತ್ತು ಇನ್ನೂ ಪೂರ್ತಿ ಕೆಟ್ಟಿಲ್ಲವಂತೆ. ಕೈ, ಮಾತು, ಕೋಪ ಎಲ್ಲ ತಾಮ್ರದ್ದೇ ಕೆಲಸ. "ಇನ್ನೊಂದು ವರ್ಷ ಬಿಟ್ಟಿದ್ರೆ ನಡೆಯೋದೂ ಕಷ್ಟ ಆಗ್ತಿತ್ತು" ಎಂದರು ಡಾಕ್ಟರಮ್ಮ. ಮಾತ್ರೆ ನಿಧಾನವಾಗಿ ಶುರು ಮಾಡಬೇಕು. ಕೈ ಮೊದಲು ಸ್ವಲ್ಪ ಹದಗೆಟ್ಟರೂ ಹೆದರಬಾರದು, ಸುಧಾರಿಸಲು ತಿಂಗಳುಗಟ್ಟಲೆ ಬೇಕು. ಬಹುಮಟ್ಟಿಗೆ ಸುಧಾರಿಸುತ್ತದೆ ಎಂದರು. ‘ಬಹುಮಟ್ಟಿಗೆ’ ಎಂದರೆ ನೂರಕ್ಕೆ ಎಷ್ಟು ಎಂದು ಕೇಳಬೇಕೆಂದಿದ್ದೆ.

ಮಾತ್ರೆಯ ಚೀಟಿ ತೆಗೆದುಕೊಂಡು ಎದ್ದೆ, ಅಲ್ಲಿಂದ ಕಚೇರಿಗೆ ಹೋದೆ.

ಪಕ್ಕದ ಮೇಜಿನ ಗುಮಾಸ್ತನ ಹತ್ತಿರ ಹೋಗಿ ಅವತ್ತು ರೇಗಿದ್ದಕ್ಕೆ ತಪ್ಪಾಯಿತು ಎಂದೆ. "ಯಾವತ್ತು ರೇಗಿದ್ದಕ್ಕೆ ಸಾಹೇಬ್ರೇ?" ಎಂದ. ಹಾಗಾದರೆ ಬಹಳ ದಿನ ರೇಗಿದ್ದೇನೆ.

ಏಪ್ರಿಲ್ ೨೧, ಸೋಮವಾರ

(ಇದು ಅಣ್ಣನ ಕೈಯಲ್ಲ, ನನ್ನ ಕೈ. ಅವನಿಗೆ ಈ ವಾರ ಪೆನ್ನು ಹಿಡಿಯೋಕೆ ಆಗ್ತಿಲ್ಲ. ಅವನು ಹೇಳ್ತಾನೆ, ನಾನು ಬರೀತೀನಿ. ಹಿಂದಿನ ಪುಟ ಓದಲ್ಲ ಅಂತ ಮಾತು ತಗೊಂಡಿದ್ದಾನೆ. ಓದೋಕೆ ಬಂದ್ರೆ ತಾನೇ! ತಂಗಿ.)

ಮಾತ್ರೆ ಆರಂಭವಾಗಿ ಐದನೆಯ ದಿನ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ನುಂಗಿ, ಒಂದು ಗಂಟೆ ಏನೂ ತಿನ್ನದೆ ಕೂರಬೇಕು. ಮೇಜಿನ ಆಚೆಗೆ ಅವಳು, ಈಚೆಗೆ ನಾನು. ಅಮ್ಮ ಅಡುಗೆಮನೆಯಲ್ಲಿ ಪಾತ್ರೆ ಸದ್ದಾಗದಂತೆ ಕೆಲಸ ಮಾಡುತ್ತಾಳೆ. ಸದ್ದಾದರೆ ನಮಗೆ ಹಸಿವಾಗುತ್ತದಂತೆ. ಈ ಕಷ್ಟವನ್ನು ನಾನು ಧೀರೋದಾತ್ತವಾಗಿ ಸಹಿಸುತ್ತಿದ್ದೇನೆ.

(ಹದಿನೈದು ನಿಮಿಷಕ್ಕೊಂದ್ಸಲ ಗಡಿಯಾರ ಕೆಟ್ಟಿದೆ ಅಂತಾನೆ.)

ತಿದ್ದುಪಡಿಯ ಪತ್ರ ಶನಿವಾರ ಎಲ್ಲ ಆಸ್ಪತ್ರೆಗಳಿಗೂ ಹೋಯಿತು. ನಲವತ್ತೊಂದು ಎಂದಿರುವಲ್ಲಿ ನೂರ ಐವತ್ತೊಂಬತ್ತು ಎಂದು ಓದಿಕೊಳ್ಳತಕ್ಕದ್ದು. ಬೀದಿಯ ಡಾಕ್ಟರಿಗೆ ಒಂದು ಪ್ರತಿಯನ್ನು ನಾನೇ ಕೊಟ್ಟು ಬಂದೆ. ಕೆಲಸದ ಕ್ರಮ ಮತ್ತೆ ಮೊದಲಿನಂತಾಗಿದೆ. ಮೊತ್ತದ ಮೇಡಂ ಪತ್ರದ ಕೆಳಗೆ, ಇನ್ನೂ ಗುರುತಿಗೆ ಸಿಗದವರು ಅಂದಾಜು ನಾನೂರಕ್ಕೂ ಹೆಚ್ಚು ಎಂಬ ಸಾಲನ್ನು ಸೇರಿಸಿದ್ದಾರೆ. ಆ ವಿಷಯದಲ್ಲಿ ನಾನೊಂದು ಕಟುವಾದ ಟಿಪ್ಪಣಿ ಬರೆಯುವುದು ಬಾಕಿ ಉಳಿದಿತ್ತು. ಬರೆದುಕೋ ಎಂದೆ: ಪರೀಕ್ಷೆ ಮಾಡಿಸಿಕೊಳ್ಳದೆ ಕಾಲ ಕಳೆಯುವ ಇವರು ಹೊಣೆಗೇಡಿಗಳು.

(ಬರೆಯಲ್ಲ ಅಂದೆ.)

ಯಾಕೆ ಎಂದೆ.

(ಅವರಿಗೆ ಗೊತ್ತಿಲ್ಲ ಅಣ್ಣ, ನಿನ್ಗೆ ಗೊತ್ತಿತ್ತು ಅಂದೆ. ಗೊತ್ತಿದ್ದೂ ಐದು ವಾರ ಹಿಡೀತು, ಅದೂ ನಾನು ಬೆನ್ನು ಹತ್ತಿದ್ದಕ್ಕೆ. ಅವರ ಬೆನ್ನು ಹತ್ತೋಕೆ ಯಾರಿದ್ದಾರೆ ಅಂದೆ.)

ಈ ಪ್ರಶ್ನೆಗೆ ಇಲಾಖೆಯ ಬಳಿ ಸದ್ಯಕ್ಕೆ ಉತ್ತರವಿಲ್ಲ. ಹಾಗೆಂದು ಬರೆದುಕೋ.

(ಬರೆದೆ. ಇನ್ನೂ ಇಪ್ಪತ್ತು ನಿಮಿಷ ಇದೆ. ಅಣ್ಣ ಎದ್ದು ಕಿಟಕಿ ಹತ್ರ ಹೋಗಿ ನಿಂತಿದ್ದಾನೆ. ಬೀದೀಲಿ ಕೆಲಸಕ್ಕೆ ಹೋಗೋ ಜನ. ಹಾಲಿನೋನು, ಸ್ಕೂಲಿನ ಟೀಚರು, ಛತ್ರಿ ಹಿಡ್ಕೊಂಡಿರೋ ಯಾರೋ. ಒಬ್ಬೊಬ್ಬರದ್ದೂ ಕೈ ನೋಡ್ತಾ ಇದ್ದಾನೆ.)